ಪೆನ್ ಡ್ರೈವ್‌ನಿಂದ ಸಾಫ್ಟ್‌ವೇರ್ ಓಡಿಸುವುದು: ಮುಖ್ಯವಾದದ್ದು ಫೋಲ್ಡರ್, ಡ್ರೈವ್ ಅಲ್ಲ

'ಇನ್‌ಸ್ಟಾಲ್ ಬೇಡದ ಸಾಫ್ಟ್‌ವೇರ್' ಮತ್ತು 'ಪೋರ್ಟಬಲ್ ಸಾಫ್ಟ್‌ವೇರ್' ಎರಡೂ ಒಂದೇ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಒಂದೇ ಅಲ್ಲ. ಇವತ್ತು ಹೇಳಬೇಕಾದದ್ದರಲ್ಲಿ ಅರ್ಧ ಈ ವ್ಯತ್ಯಾಸದಲ್ಲೇ ಇದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಸರ್ವರ್‌ಗೆ ಲಾಗಿನ್ ಆಗುವವರು ಬಳಸುವ 'ಪುಟ್ಟಿ' ಪ್ರೋಗ್ರಾಂ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಒಂದೇ ಒಂದು ಇಎಕ್ಸ್‌ಇ ಫೈಲ್. ಪೆನ್ ಡ್ರೈವ್‌ಗೆ ಹಾಕಿ, ಯಾವ ವಿಂಡೋಸ್ ಕಂಪ್ಯೂಟರ್‌ನಲ್ಲಿ ಬೇಕಾದರೂ ಡಬಲ್ ಕ್ಲಿಕ್ ಮಾಡಿ, ಓಡುತ್ತದೆ. ಆದರೆ ನೀವು ಸೇವ್ ಮಾಡಿದ ಸರ್ವರ್ ವಿಳಾಸಗಳು, ಒಪ್ಪಿಕೊಂಡ ಹೋಸ್ಟ್ ಕೀಗಳು (ಸರ್ವರ್‌ನ ಗುರುತು ಹೇಳುವ ಕೀಲಿಗಳು) ಎಲ್ಲ ಎಲ್ಲಿ ಹೋಗಿ ಕೂರುತ್ತವೆ? ಆ ಕಂಪ್ಯೂಟರ್‌ನ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಮತ್ತು ಪ್ರೋಗ್ರಾಂಗಳ ಸೆಟ್ಟಿಂಗ್ಸ್ ಬರೆದಿಡುವ ಜಾಗದಲ್ಲಿ. ಪೆನ್ ಡ್ರೈವ್ ತೆಗೆದುಕೊಂಡು ಇನ್ನೊಂದು ಕಂಪ್ಯೂಟರ್‌ಗೆ ಹೋದರೆ ಪಟ್ಟಿ ಖಾಲಿ. ಹಳೆ ಕಂಪ್ಯೂಟರ್‌ನಲ್ಲಿ ಮಾತ್ರ ನೀವು ಯಾವ ಯಾವ ಸರ್ವರ್ ಮುಟ್ಟಿದ್ದಿರಿ ಅನ್ನುವುದು ಹಾಗೇ ಉಳಿದಿರುತ್ತದೆ. ಬೇಕಾದದ್ದು ಜೊತೆಗೆ ಬರಲಿಲ್ಲ, ಬೇಡವಾದದ್ದು ಹಿಂದೆ ಉಳಿಯಿತು. ಇದು ಇನ್‌ಸ್ಟಾಲ್ ಬೇಡದ ಪ್ರೋಗ್ರಾಂ ಹೌದು, ಪೋರ್ಟಬಲ್ ಅಲ್ಲ.

ಹಾಗಾದರೆ ಪೋರ್ಟಬಲ್ ಅಂದರೆ ಏನು? ನಾನು ಮೂರು ವಿಷಯ ನೋಡುತ್ತೇನೆ. ಪ್ರೋಗ್ರಾಂ ತನ್ನ ಸೆಟ್ಟಿಂಗ್ಸ್ ಎಲ್ಲವನ್ನೂ ತನ್ನ ಫೋಲ್ಡರ್ ಒಳಗೇ ಇಟ್ಟುಕೊಳ್ಳಬೇಕು. ವಿಂಡೋಸ್ ಕೊಡುವ ಡ್ರೈವ್ ಅಕ್ಷರ ಇವತ್ತು 'ಇ' ಇದ್ದು ನಾಳೆ 'ಎಚ್' ಆದರೂ ಅದಕ್ಕೆ ತೊಂದರೆ ಆಗಬಾರದು. ಮುಚ್ಚಿದ ಮೇಲೆ ಕಂಪ್ಯೂಟರ್‌ನಲ್ಲಿ ತನ್ನ ಸಾಮಾನು ಬಿಟ್ಟು ಹೋಗಬಾರದು. ಮನೆಗೆ ಬಂದ ನೆಂಟರು ಹಾಸಿಗೆ ಹೊದಿಕೆ ತಾವೇ ತಂದು, ಹೋಗುವಾಗ ಮಡಚಿ ತಾವೇ ತೆಗೆದುಕೊಂಡು ಹೋದ ಹಾಗೆ.

ಇದು ಯಾಕೆ ಕಷ್ಟ ಅನ್ನುವುದಕ್ಕೆ, ಇನ್‌ಸ್ಟಾಲ್ ಮಾಡುವಾಗ ಏನಾಗುತ್ತದೆ ಅಂತ ನೋಡಬೇಕು. ನೀವು 'ನೆಕ್ಸ್ಟ್, ನೆಕ್ಸ್ಟ್, ಫಿನಿಶ್' ಒತ್ತುತ್ತೀರಿ, ಅಲ್ವಾ? ಅಷ್ಟರಲ್ಲಿ 'ಪ್ರೋಗ್ರಾಂ ಫೈಲ್ಸ್' ಒಳಗೆ ಮುಖ್ಯ ಫೈಲ್‌ಗಳು ಹೋಗುತ್ತವೆ. ರಿಜಿಸ್ಟ್ರಿಯಲ್ಲಿ ಒಂದಷ್ಟು ಸಾಲು ಬರೆಯಲಾಗುತ್ತದೆ. ನಿಮ್ಮ ಯೂಸರ್ ಹೆಸರಿನ ಕೆಳಗಿರುವ 'ಆಪ್‌ಡೇಟಾ' ಫೋಲ್ಡರ್‌ನಲ್ಲಿ ಸೆಟ್ಟಿಂಗ್ಸ್‌ಗೆ ಜಾಗ ಆಗುತ್ತದೆ. ಇಂಥ ಫೈಲ್ ತೆರೆಯಲು ಇದೇ ಪ್ರೋಗ್ರಾಂ ಅಂತ ವಿಂಡೋಸ್‌ಗೆ ಹೇಳಲಾಗುತ್ತದೆ. ಬೇಕಾದರೆ ಡಾಟ್ ನೆಟ್, ವಿಷುಯಲ್ ಸಿ ಪ್ಲಸ್ ಪ್ಲಸ್ ರನ್‌ಟೈಮ್ ಥರದ, ಪ್ರೋಗ್ರಾಂ ಓಡಲು ಬೇಕಾದ ಪೂರಕ ಫೈಲ್‌ಗಳು ಬರುತ್ತವೆ. ಕೆಲವಕ್ಕೆ ವಿಂಡೋಸ್‌ನ ಒಳಭಾಗದಲ್ಲಿ ಕೆಲಸ ಮಾಡುವ ಡ್ರೈವರ್ ಕೂಡ ಬೇಕು. ಅಂದರೆ ಪ್ರೋಗ್ರಾಂ ಒಂದು ಕಡೆ ಇರುವುದಿಲ್ಲ, ಊರೆಲ್ಲ ಹರಡಿಕೊಂಡಿರುತ್ತದೆ. ನೀವು 'ಪ್ರೋಗ್ರಾಂ ಫೈಲ್ಸ್'ನಿಂದ ಒಂದು ಫೋಲ್ಡರ್ ಎತ್ತಿ ಪೆನ್ ಡ್ರೈವ್‌ಗೆ ಹಾಕಿದರೆ ಅದರ ಒಂದು ತುಂಡು ಮಾತ್ರ ಬಂದ ಹಾಗೆ.

ಇದನ್ನು ತಪ್ಪಿಸಲು ಎರಡು ದಾರಿ ಇದೆ. ಮೊದಲನೆಯದು, ಪ್ರೋಗ್ರಾಂ ಬರೆದವರೇ ಪೋರ್ಟಬಲ್ ಆಗಿ ಓಡುವ ವ್ಯವಸ್ಥೆ ಮಾಡಿರುತ್ತಾರೆ. ಇದು ತುಂಬಾ ಸರಳವಾಗಿರುತ್ತದೆ, ಎಷ್ಟೋ ಸಲ ಒಂದು ಖಾಲಿ ಫೈಲ್ ಅಥವಾ ಖಾಲಿ ಫೋಲ್ಡರ್ ಅಷ್ಟೇ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ಜಿಪ್ ಆವೃತ್ತಿ ಬಿಚ್ಚಿದರೆ ಒಳಗೆ ಒಂದು ಸಣ್ಣ ಎಕ್ಸ್‌ಎಂಎಲ್ ಫೈಲ್ ಇರುತ್ತದೆ, ಅದು ಇದ್ದರೆ ಸೆಟ್ಟಿಂಗ್ಸ್ ಎಲ್ಲ ಅಲ್ಲೇ. ಕೋಡ್ ಬರೆಯುವವರ ಎಡಿಟರ್ ವಿಎಸ್ ಕೋಡ್‌ನ ಜಿಪ್ ಬಿಚ್ಚಿ, ಅದರೊಳಗೆ 'ಡೇಟಾ' ಅಂತ ಇಂಗ್ಲಿಷ್‌ನಲ್ಲಿ ಒಂದು ಖಾಲಿ ಫೋಲ್ಡರ್ ಮಾಡಿ, ಮುಗಿಯಿತು, ಎಕ್ಸ್‌ಟೆನ್ಷನ್‌ಗಳೂ ಅದರೊಳಗೇ ಹೋಗುತ್ತವೆ. ಧ್ವನಿ ತಿದ್ದುವ ಆಡಾಸಿಟಿಯಲ್ಲೂ ಹೀಗೇ, 'ಪೋರ್ಟಬಲ್ ಸೆಟ್ಟಿಂಗ್ಸ್' ಅಂತ ಒಂದು ಫೋಲ್ಡರ್ ಪಕ್ಕದಲ್ಲಿದ್ದರೆ ಸಾಕು. ಸುಮಾತ್ರ ಪಿಡಿಎಫ್ ತನ್ನ ಸೆಟ್ಟಿಂಗ್ಸ್ ಫೈಲ್ ಅನ್ನು ಪಕ್ಕದಲ್ಲೇ ಇಟ್ಟುಕೊಳ್ಳುತ್ತದೆ. ನನ್ನನ್ನು ಕೇಳಿದರೆ ಇವೇ ಒಳ್ಳೆಯ ದಾರಿ. ಮಧ್ಯೆ ಇನ್ಯಾರೂ ಇಲ್ಲ, ಅಪ್‌ಡೇಟ್ ಕೂಡ ಮೂಲದವರಿಂದಲೇ ಬರುತ್ತದೆ.

ಎರಡನೆಯದು ಲಾಂಚರ್ ದಾರಿ. ಪ್ರೋಗ್ರಾಂ ಬರೆದವರು ಈ ಬಗ್ಗೆ ಯೋಚಿಸಿಲ್ಲ, ಅದು ರಿಜಿಸ್ಟ್ರಿಗೇ ಬರೆಯುತ್ತದೆ ಅಂದುಕೊಳ್ಳಿ. ಆಗ ಅದರ ಮೇಲೆ ಒಂದು ಸಣ್ಣ ಪ್ರೋಗ್ರಾಂ ಕೂರಿಸುತ್ತಾರೆ. ನೀವು ಕ್ಲಿಕ್ ಮಾಡುವುದು ಈ ಲಾಂಚರ್ ಅನ್ನು. ಅದು ಮೊದಲು ಆ ಕಂಪ್ಯೂಟರ್‌ನಲ್ಲಿ ಅದೇ ಪ್ರೋಗ್ರಾಂನ ರಿಜಿಸ್ಟ್ರಿ ಸಾಲುಗಳು ಮೊದಲೇ ಇವೆಯಾ ಅಂತ ನೋಡಿ, ಇದ್ದರೆ ಎತ್ತಿಡುತ್ತದೆ. ಆಮೇಲೆ ಪೆನ್ ಡ್ರೈವ್‌ನಲ್ಲಿರುವ ನಿಮ್ಮ ಸಾಲುಗಳನ್ನು ಅಲ್ಲಿ ಹಾಕುತ್ತದೆ. ಡ್ರೈವ್ ಅಕ್ಷರ ಬದಲಾಗಿದ್ದರೆ ಸೆಟ್ಟಿಂಗ್ಸ್ ಫೈಲ್ ಒಳಗಿನ ದಾರಿಗಳನ್ನು ತಿದ್ದುತ್ತದೆ. ಆಮೇಲೆ ಪ್ರೋಗ್ರಾಂ ಶುರು. ನೀವು ಮುಚ್ಚಿದ ಮೇಲೆ ಇದೆಲ್ಲ ಉಲ್ಟಾ ನಡೆಯುತ್ತದೆ: ನಿಮ್ಮ ಸಾಲುಗಳು ವಾಪಸ್ ಡ್ರೈವ್‌ಗೆ, ಕಂಪ್ಯೂಟರ್‌ನ ಸ್ವಂತ ಸಾಲುಗಳು ವಾಪಸ್ ತಮ್ಮ ಜಾಗಕ್ಕೆ. ಪೋರ್ಟಬಲ್‌ಆಪ್ಸ್ ಡಾಟ್ ಕಾಮ್‌ನವರು ಕೊಡುವುದು ಈ ಥರದ್ದು. ಜಾನ್ ಹಾಲರ್ ಅನ್ನುವವರು 2004ರಲ್ಲಿ ಫೈರ್‌ಫಾಕ್ಸ್ ಅನ್ನು ಪೋರ್ಟಬಲ್ ಮಾಡಿದ್ದರಿಂದ ಶುರುವಾದ ಕೆಲಸ ಅದು. ಅವರ ಪ್ಯಾಕೇಜ್ ತೆರೆದು ನೋಡಿ, 'ಆಪ್' ಅಂತ ಒಂದು ಫೋಲ್ಡರ್, 'ಡೇಟಾ' ಅಂತ ಇನ್ನೊಂದು. ಪ್ರೋಗ್ರಾಂ ಮೊದಲನೆಯದರಲ್ಲಿ, ನಿಮ್ಮದು ಎರಡನೆಯದರಲ್ಲಿ. ಅಪ್‌ಡೇಟ್ ಮಾಡಿದರೆ 'ಆಪ್' ಬದಲಾಗುತ್ತದೆ, 'ಡೇಟಾ' ಮುಟ್ಟುವುದಿಲ್ಲ. ಬ್ಯಾಕಪ್‌ಗೆ 'ಡೇಟಾ' ಒಂದು ಸಾಕು.

ಈ ಲಾಂಚರ್ ಮಾಡುವ ಕೆಲಸದ ಅರ್ಧ, ನೀವು ಮುಚ್ಚಿದ ಮೇಲೆ ನಡೆಯುತ್ತದೆ ಅನ್ನುವುದನ್ನು ಮರೆಯಬೇಡಿ. ಪ್ರೋಗ್ರಾಂ ಓಡುತ್ತಿರುವಾಗಲೇ ಡ್ರೈವ್ ಎಳೆದರೆ ಆ ವಾಪಸ್ ಇಡುವ ಕೆಲಸ ಅಲ್ಲಿಗೇ ನಿಂತಿತು. ನಿಮ್ಮ ಸೆಟ್ಟಿಂಗ್ಸ್ ಅಲ್ಲೇ ಉಳಿಯಿತು, ಆ ಕಂಪ್ಯೂಟರ್‌ನವರ ಸೆಟ್ಟಿಂಗ್ಸ್ ಅವರಿಗೆ ವಾಪಸ್ ಸಿಗಲಿಲ್ಲ. ವಿಂಡೋಸ್ 10ರ 1809 ಆವೃತ್ತಿಯಿಂದ ಪೆನ್ ಡ್ರೈವ್‌ಗೆ 'ಕ್ವಿಕ್ ರಿಮೂವಲ್' (ಬರೆಯುವುದನ್ನು ಬಾಕಿ ಇಟ್ಟುಕೊಳ್ಳದ ವ್ಯವಸ್ಥೆ) ಡೀಫಾಲ್ಟ್ ಆಗಿದೆ, ಅದಕ್ಕೇ 'ಸೇಫ್ಲಿ ರಿಮೂವ್' ಬೇಡ ಅಂತ ಎಲ್ಲರೂ ಹೇಳುತ್ತಾರೆ. ಫೋಟೋ ಕಾಪಿ ಮಾಡಿ ಮುಗಿದ ಮೇಲೆ ತೆಗೆಯಲು ಆ ಮಾತು ಸರಿ. ಡ್ರೈವ್‌ನಿಂದ ಪ್ರೋಗ್ರಾಂ ಓಡಿಸುವವರಿಗೆ ಅದು ಸರಿಯಲ್ಲ. ಮೊದಲು ಪ್ರೋಗ್ರಾಂ ಮುಚ್ಚಿ, ಲಾಂಚರ್ ಮುಗಿಯಲಿ, ಆಮೇಲೆ 'ಎಜೆಕ್ಟ್'.

ಇಲ್ಲಿ ಸ್ವಲ್ಪ ಹಳೆ ಕಥೆ ಹೇಳಿ ಮುಂದೆ ಹೋಗುತ್ತೇನೆ. 2000ನೇ ಇಸವಿಯಲ್ಲಿ ಮೊದಲ ಪೆನ್ ಡ್ರೈವ್‌ಗಳು ಮಾರಾಟಕ್ಕೆ ಬಂದಾಗ ಜಾಗ 8 ಮೆಗಾಬೈಟ್. ಅದರಲ್ಲಿ ಯಾರು ಬ್ರೌಸರ್ ಇಡುತ್ತಾರೆ! ಜಾಗ ಬೆಳೆದ ಮೇಲೆ ಸ್ಯಾನ್‌ಡಿಸ್ಕ್ ಮತ್ತು ಎಂ-ಸಿಸ್ಟಮ್ಸ್ ಸೇರಿ 'ಯು3' ಅಂತ ಒಂದು ವ್ಯವಸ್ಥೆ ತಂದವು. ಅದರ ಉಪಾಯ ತಮಾಷೆಯಾಗಿತ್ತು. ಡ್ರೈವ್‌ನ ಒಂದು ಭಾಗ ವಿಂಡೋಸ್‌ಗೆ ಸಿಡಿಯ ಥರ ಕಾಣಿಸುತ್ತಿತ್ತು. ಸಿಡಿ ಹಾಕಿದರೆ ತಾನೇ ಓಡುವ ಆಟೋರನ್ ಇದೆಯಲ್ಲ, ಅದನ್ನು ಬಳಸಿಕೊಂಡು ಡ್ರೈವ್ ಸಿಕ್ಕಿಸಿದ ತಕ್ಷಣ ಮೆನು ಬರುತ್ತಿತ್ತು. ಆದರೆ ಆಟೋರನ್ ಯಾರಿಗೆ ಜಾಸ್ತಿ ಇಷ್ಟವಾಯಿತು ಅಂದರೆ ವೈರಸ್ ಬರೆಯುವವರಿಗೆ. 2008ರ ಕೊನೆಯಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಅನ್ನುವ ವೈರಸ್ ಹರಡಿದ್ದರಲ್ಲಿ ಪೆನ್ ಡ್ರೈವ್‌ಗಳ ಪಾಲೂ ಇತ್ತು. 2009ರಲ್ಲಿ ಬಂದ ವಿಂಡೋಸ್ 7, ಪೆನ್ ಡ್ರೈವ್‌ಗಳಿಗೆ ಆಟೋರನ್ ನಿಲ್ಲಿಸಿತು, 2011ರಲ್ಲಿ ಎಕ್ಸ್‌ಪಿ ಮತ್ತು ವಿಸ್ಟಾಗೂ ಅಪ್‌ಡೇಟ್ ಬಂತು. ಯು3 ಈಗ ಇಲ್ಲ. ಡ್ರೈವ್ ಸಿಕ್ಕಿಸಿದರೆ ಮೆನು ತಾನೇ ಬರಲ್ವಾ ಅಂತ ಈಗಲೂ ಕೇಳುವವರಿದ್ದಾರೆ, ಬರಲ್ಲ, ಬರಬಾರದು ಕೂಡ.

ಈಗ ಎಲ್ಲರೂ ಗೊಣಗುವ ವಿಷಯಕ್ಕೆ ಬರೋಣ: ನಿಧಾನ. 'ನನ್ನದು ಯುಎಸ್‌ಬಿ 3.0 ಡ್ರೈವ್, ಆದರೂ ಬ್ರೌಸರ್ ತೆವಳುತ್ತದೆ, ಯಾಕೆ?' ಡಬ್ಬದ ಮೇಲೆ ಬರೆದಿರುವ ವೇಗ ದೊಡ್ಡ ಫೈಲ್ ಒಂದನ್ನು ಸಾಲಾಗಿ ಓದುವ ವೇಗ. ಸಿನಿಮಾ ಕಾಪಿ ಮಾಡಲು ಅದು ಸರಿ. ಪ್ರೋಗ್ರಾಂ ಓಡುವಾಗ ನಡೆಯುವುದು ಬೇರೆ ಥರದ ಕೆಲಸ. ಇಲ್ಲಿ ನಾಲ್ಕು ಕಿಲೋಬೈಟ್, ಅಲ್ಲಿ ನಾಲ್ಕು ಕಿಲೋಬೈಟ್, ಮತ್ತೆ ಇಲ್ಲಿ. ಬ್ರೌಸರ್ ಅಂತೂ ಹಿಸ್ಟರಿ, ಬುಕ್‌ಮಾರ್ಕ್, ಕುಕಿ ಎಲ್ಲ ಸಣ್ಣ ಡೇಟಾಬೇಸ್ ಫೈಲ್‌ಗಳಲ್ಲಿ ಇಟ್ಟುಕೊಂಡು, ನೀವು ಸುಮ್ನೆ ಪುಟ ಓದುತ್ತಿರುವಾಗಲೂ ಬರೆಯುತ್ತಲೇ ಇರುತ್ತದೆ. ಪೆನ್ ಡ್ರೈವ್ ಒಳಗಿರುವ ಫ್ಲ್ಯಾಶ್ ಮೆಮೊರಿಗೆ ಇದು ಆಗಿಬರುವುದಿಲ್ಲ. ಅದರಲ್ಲಿ ಬರೆದ ಜಾಗದ ಮೇಲೇ ಮತ್ತೆ ಬರೆಯಲು ಆಗುವುದಿಲ್ಲ, ಮೊದಲು ಅಳಿಸಬೇಕು, ಅಳಿಸುವುದು ಮಾತ್ರ ದೊಡ್ಡ ದೊಡ್ಡ ಬ್ಲಾಕ್‌ಗಳಲ್ಲಿ. ನಾಲ್ಕು ಕಿಲೋಬೈಟ್ ಬದಲಿಸಲು ಅದರ ನೂರಾರು ಪಟ್ಟು ದೊಡ್ಡ ಬ್ಲಾಕ್‌ನಲ್ಲಿ ಇರುವುದನ್ನು ಬೇರೆ ಕಡೆ ಸಾಗಿಸಬೇಕಾಗಿ ಬರಬಹುದು. ಈಗಿನ ಕಂಪ್ಯೂಟರ್‌ಗಳಲ್ಲಿ ಹಾರ್ಡ್ ಡಿಸ್ಕ್ ಬದಲು ಇರುವ ಎಸ್‌ಎಸ್‌ಡಿಯಲ್ಲೂ ಇದೇ ಫ್ಲ್ಯಾಶ್ ಇದೆ, ಆದರೆ ಇದನ್ನೆಲ್ಲ ನಡೆಸುವ ಅದರ ಕಂಟ್ರೋಲರ್ ಚಿಪ್ ಚುರುಕಾಗಿರುತ್ತದೆ. ಸಾಮಾನ್ಯ ಪೆನ್ ಡ್ರೈವ್‌ನ ಕಂಟ್ರೋಲರ್ ಅಗ್ಗದ್ದು, ಒಂದೊಂದು ಸಲ ಸೆಕೆಂಡುಗಟ್ಟಲೆ ಸುಮ್ಮನೆ ಕೂರುತ್ತದೆ. ಆಗ ನಿಮಗೆ ಕಾಣುವುದು 'ನಾಟ್ ರೆಸ್ಪಾಂಡಿಂಗ್'. ಜೊತೆಗೆ ಇಷ್ಟೊಂದು ಸಣ್ಣ ಬರವಣಿಗೆ ಡ್ರೈವ್‌ನ ಆಯಸ್ಸನ್ನೂ ತಿನ್ನುತ್ತದೆ, ಯಾಕೆಂದರೆ ಒಂದೊಂದು ಬ್ಲಾಕ್ ಅನ್ನು ಅಳಿಸಿ ಬರೆಯುವುದಕ್ಕೆ ಮಿತಿ ಇದೆ.

ಇದಕ್ಕೆ ಪರಿಹಾರ? ಮೊದಲನೆಯದಾಗಿ, ಯಾವ ಪ್ರೋಗ್ರಾಂ ಡ್ರೈವ್‌ನಿಂದ ಓಡಿಸಲು ಯೋಗ್ಯ ಅಂತ ಆರಿಸಿಕೊಳ್ಳಿ. ಪಿಡಿಎಫ್ ಓದುವುದು, 7-ಜಿಪ್, ಪಾಸ್‌ವರ್ಡ್ ಮ್ಯಾನೇಜರ್, ಟೆಕ್ಸ್ಟ್ ಎಡಿಟರ್, ವಿಎಲ್‌ಸಿ ಇವೆಲ್ಲ ಶುರುವಾಗುವಾಗ ಓದಿಕೊಂಡರೆ ಮುಗಿಯಿತು, ಆಮೇಲೆ ಡ್ರೈವ್ ಅನ್ನು ಅಷ್ಟಾಗಿ ಕಾಡುವುದಿಲ್ಲ. ಬ್ರೌಸರ್, ಇಮೇಲ್ ಪ್ರೋಗ್ರಾಂ ಕಾಡುತ್ತವೆ. ಬ್ರೌಸರ್ ಬೇಕೇ ಬೇಕು ಅಂದರೆ ಅದರ ಕ್ಯಾಶ್ (ನೋಡಿದ ಪುಟಗಳ ತಾತ್ಕಾಲಿಕ ಪ್ರತಿ) ಡಿಸ್ಕ್ ಬದಲು ಮೆಮೊರಿಯಲ್ಲಿ ಇರುವಂತೆ ಸೆಟ್ಟಿಂಗ್ ಬದಲಿಸಿ, ಫೈರ್‌ಫಾಕ್ಸ್‌ನಲ್ಲಿ ಅದು ಸಾಧ್ಯ. ಇನ್ನೊಂದು ದಾರಿ ನನಗೆ ಜಾಸ್ತಿ ಇಷ್ಟ: ಡ್ರೈವ್‌ನಿಂದ ಓಡಿಸಲೇಬೇಡಿ. ಇಡೀ ಫೋಲ್ಡರ್ ಅನ್ನು ಕಂಪ್ಯೂಟರ್‌ನ ಡಿಸ್ಕ್‌ಗೆ ಕಾಪಿ ಮಾಡಿ, ಅಲ್ಲಿಂದ ಓಡಿಸಿ, ಹೋಗುವಾಗ 'ಡೇಟಾ' ಮಾತ್ರ ವಾಪಸ್ ತನ್ನಿ, ಅಲ್ಲಿಯದನ್ನು ಅಳಿಸಿ. ಪೋರ್ಟಬಲ್ ಗುಣ ಇರುವುದು ಫೋಲ್ಡರ್‌ನಲ್ಲಿ. ಪೆನ್ ಡ್ರೈವ್ ಬರೀ ಗಾಡಿ, ಅದೂ ಅಷ್ಟೇನೂ ಒಳ್ಳೆಯ ಗಾಡಿಯಲ್ಲ.

ಡ್ರೈವ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವಿಧಾನ, ಅಂದರೆ ಫಾರ್ಮ್ಯಾಟ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಫ್ಯಾಟ್32 ಎಲ್ಲ ಕಡೆ ಓದಿಸಿಕೊಳ್ಳುತ್ತದೆ, ಆದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಕೂರುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಆ ತೊಂದರೆ ಇಲ್ಲ, ವಿಂಡೋಸ್, ಮ್ಯಾಕ್, ಈಗಿನ ಲಿನಕ್ಸ್ ಎಲ್ಲದರಲ್ಲೂ ನಡೆಯುತ್ತದೆ. ಎರಡಕ್ಕೂ ಜರ್ನಲ್ (ಮಾಡುವ ಬದಲಾವಣೆಯನ್ನು ಮೊದಲೇ ಗುರುತು ಹಾಕಿಡುವ ದಾಖಲೆ) ಇಲ್ಲ, ಬರೆಯುವಾಗ ಎಳೆದರೆ ಫೈಲ್ ಕೆಡುವ ಸಾಧ್ಯತೆ ಜಾಸ್ತಿ. ಎನ್‌ಟಿಎಫ್‌ಎಸ್‌ಗೆ ಜರ್ನಲ್ ಇದೆ, ಆದರೆ ಮ್ಯಾಕ್ ಅದನ್ನು ಓದುತ್ತದೆ, ತಾನಾಗಿ ಬರೆಯುವುದಿಲ್ಲ. ಹೆಚ್ಚಿನವರಿಗೆ ಎಕ್ಸ್‌ಫ್ಯಾಟ್ ಸಾಕು.

ಬ್ರೌಸರ್ ಹೇಳಿದೆನಲ್ಲ, ಅದರ ಪಾಸ್‌ವರ್ಡ್ ವಿಷಯ ಒಂದಿದೆ. ವಿಂಡೋಸ್‌ನಲ್ಲಿ ಕ್ರೋಮ್ ನಿಮ್ಮ ಪಾಸ್‌ವರ್ಡ್‌ಗಳನ್ನು ಗುಪ್ತಲಿಪಿಯಲ್ಲಿ ಇಡುವಾಗ ಅದರ ಬೀಗದ ಕೀಲಿಯನ್ನು ಆ ಕಂಪ್ಯೂಟರ್‌ನ ವಿಂಡೋಸ್ ಖಾತೆಗೆ ಕಟ್ಟಿಹಾಕುತ್ತದೆ. ಹಾಗಾಗಿ ಕ್ರೋಮ್ ಅನ್ನು ಪೋರ್ಟಬಲ್ ಮಾಡಿಕೊಂಡು ಇನ್ನೊಂದು ಕಂಪ್ಯೂಟರ್‌ಗೆ ಹೋದರೆ ಸೇವ್ ಆದ ಪಾಸ್‌ವರ್ಡ್ ತೆರೆಯುವುದಿಲ್ಲ, ಲಾಗಿನ್‌ಗಳೂ ಹೋಗಿರುತ್ತವೆ. ಜನ ಇದನ್ನು ಕೆಟ್ಟುಹೋಗಿದೆ ಅಂತ ಬೈಯುತ್ತಾರೆ, ಅದು ಬೇಕಂತಲೇ ಮಾಡಿದ ರಕ್ಷಣೆ. ಫೈರ್‌ಫಾಕ್ಸ್ ಉಲ್ಟಾ. ಅದರ ಕೀಲಿ ಪ್ರೊಫೈಲ್ ಫೋಲ್ಡರ್ ಒಳಗೇ ಇರುತ್ತದೆ, ಹೋದಲ್ಲೆಲ್ಲ ಪಾಸ್‌ವರ್ಡ್ ತೆರೆಯುತ್ತದೆ. ಅನುಕೂಲ, ಅಲ್ವಾ? ಈಗ ಆ ಡ್ರೈವ್ ಎಲ್ಲೋ ಬಿದ್ದುಹೋಯಿತು ಅಂದುಕೊಳ್ಳಿ. ಸಿಕ್ಕಿದವರಿಗೂ ಅಷ್ಟೇ ಅನುಕೂಲ. ಫೈರ್‌ಫಾಕ್ಸ್‌ನಲ್ಲಿ 'ಪ್ರೈಮರಿ ಪಾಸ್‌ವರ್ಡ್' ಅಂತ ಒಂದಿದೆ, ಅದನ್ನು ಹಾಕದೆ ಪೋರ್ಟಬಲ್ ಆಗಿ ಬಳಸಬೇಡಿ. ಅದಕ್ಕಿಂತ ಒಳ್ಳೆಯದು ಪಾಸ್‌ವರ್ಡ್‌ಗಳನ್ನು ಬ್ರೌಸರ್‌ಗೆ ಕೊಡದೆ ಕೀಪಾಸ್‌ನಂಥ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಇಡುವುದು. ಎಲ್ಲ ಒಂದೇ ಫೈಲ್‌ನಲ್ಲಿ, ಬಲವಾದ ಬೀಗದೊಳಗೆ ಇರುತ್ತದೆ.

ಇಡೀ ಡ್ರೈವ್‌ಗೇ ಬೀಗ ಹಾಕಬೇಕು ಅನ್ನುವವರಿಗೆ ವಿಂಡೋಸ್‌ನದೇ ಬಿಟ್‌ಲಾಕರ್ ಟು ಗೋ ಇದೆ. ವಿಂಡೋಸ್ ಹೋಮ್‌ನಲ್ಲಿ ಹೊಸದಾಗಿ ಬೀಗ ಹಾಕಲು ಆಗಲ್ಲ, ಹಾಕಿದ್ದನ್ನು ತೆರೆಯಬಹುದು. ಇದೇ ಕೆಲಸ ಮಾಡುವ ವೆರಾಕ್ರಿಪ್ಟ್ ಪೋರ್ಟಬಲ್ ಆಗಿಯೂ ಓಡುತ್ತದೆ, ಆದರೆ ಡ್ರೈವರ್ ಹಾಕಬೇಕಾದ್ದರಿಂದ ಆ ಕಂಪ್ಯೂಟರ್‌ನಲ್ಲಿ ಅಡ್ಮಿನ್ ಅಧಿಕಾರ ಬೇಕು. ಬೇರೆಯವರ ಕಂಪ್ಯೂಟರ್‌ನಲ್ಲಿ ಅದು ಸಿಗುವುದು ಅಪರೂಪ. ಹೀಗಾಗಿ ಡ್ರೈವ್ ತುಂಬ ವೆರಾಕ್ರಿಪ್ಟ್ ಹಾಕಿಕೊಂಡು, ಹೋದಲ್ಲಿ ತೆರೆಯಲಾಗದೆ ಕೂರುವ ಪರಿಸ್ಥಿತಿ ಬರಬಹುದು.

ಬೇರೆಯವರ ಕಂಪ್ಯೂಟರ್ ಅಂದೆ. ಇಲ್ಲಿ ಒಂದು ತಪ್ಪು ನಂಬಿಕೆ ಇದೆ, ಪೋರ್ಟಬಲ್ ಆಗಿ ಓಡಿಸಿದರೆ ಗುರುತೇ ಉಳಿಯಲ್ಲ ಅಂತ. ಪ್ರೋಗ್ರಾಂ ತನ್ನ ಸಾಮಾನು ಬಿಡುವುದಿಲ್ಲ, ಸರಿ. ವಿಂಡೋಸ್ ಸುಮ್ಮನಿರುವುದಿಲ್ಲವಲ್ಲ. ಯಾವ ಡ್ರೈವ್ ಸಿಕ್ಕಿಸಿದರು, ಅದರ ಸೀರಿಯಲ್ ನಂಬರ್ ಏನು ಅನ್ನುವುದನ್ನು ರಿಜಿಸ್ಟ್ರಿಯಲ್ಲಿ ಬರೆದುಕೊಳ್ಳುತ್ತದೆ. ಯಾವ ಇಎಕ್ಸ್‌ಇ ಓಡಿತು ಅನ್ನುವುದಕ್ಕೆ 'ಪ್ರಿಫೆಚ್' ಫೋಲ್ಡರ್ ಇದೆ. ಇತ್ತೀಚೆಗೆ ತೆರೆದ ಫೈಲ್‌ಗಳ ಪಟ್ಟಿ ಬೇರೆ. ಅದಕ್ಕಿಂತ ಮುಖ್ಯವಾಗಿ, ಆ ಕಂಪ್ಯೂಟರ್‌ನಲ್ಲಿ ನೀವು ಒತ್ತುವ ಕೀಗಳನ್ನೆಲ್ಲ ಕದ್ದು ಬರೆದುಕೊಳ್ಳುವ ಕೀಲಾಗರ್ ಇದ್ದರೆ ನಿಮ್ಮ ಕೀಪಾಸ್ ಮಾಸ್ಟರ್ ಪಾಸ್‌ವರ್ಡ್ ಅದಕ್ಕೆ ಸಿಗುತ್ತದೆ, ಡ್ರೈವ್ ಸಿಕ್ಕಿಸಿರುವಷ್ಟು ಹೊತ್ತು ಫೈಲ್ ಕೂಡ ಸಿಗುತ್ತದೆ. ಎರಡೂ ಸಿಕ್ಕ ಮೇಲೆ ಏನು ಉಳಿಯಿತು? ಎಲ್ಲರೂ ಬಳಸುವ ಕಂಪ್ಯೂಟರ್‌ನಲ್ಲಿ ಪಾಸ್‌ವರ್ಡ್ ಫೈಲ್ ತೆರೆಯಬೇಡಿ ಅಂತ ನಾನು ಖಡಾಖಂಡಿತ ಹೇಳುತ್ತೇನೆ. ಡ್ರೈವ್ ಕೂಡ ಅಲ್ಲಿಂದ ಏನಾದರೂ ಅಂಟಿಸಿಕೊಂಡು ಬರಬಹುದು. ಪೋರ್ಟಬಲ್ ಪ್ರೋಗ್ರಾಂಗಳ ಇಎಕ್ಸ್‌ಇ ಫೈಲ್‌ಗಳು ಬರೆಯಬಹುದಾದ ಜಾಗದಲ್ಲಿ ಇರುತ್ತವೆ, ವೈರಸ್‌ಗೆ ಅದು ಸಲೀಸು. 'ಪ್ರೋಗ್ರಾಂ ಫೈಲ್ಸ್' ಒಳಗಿದ್ದರೆ ಅಡ್ಮಿನ್ ಅಧಿಕಾರ ಇಲ್ಲದೆ ಮುಟ್ಟಲು ಆಗುತ್ತಿರಲಿಲ್ಲ. ಬರೆಯದಂತೆ ತಡೆಯುವ ಸ್ವಿಚ್ ಇರುವ ಡ್ರೈವ್‌ಗಳು ಇವೆ, ಆದರೆ ಸ್ವಿಚ್ ಹಾಕಿದರೆ ಸೆಟ್ಟಿಂಗ್ಸ್ ಕೂಡ ಸೇವ್ ಆಗಲ್ಲ.

ಆಫೀಸ್ ಕಂಪ್ಯೂಟರ್‌ನಲ್ಲಿ ಓಡಿಸಬಹುದಾ ಅಂತ ಒಬ್ಬರು ಕೇಳಿದರು. ಎಷ್ಟೋ ಕಡೆ ಓಡುವುದೇ ಇಲ್ಲ. ಪೆನ್ ಡ್ರೈವ್‌ನಿಂದ ಇಎಕ್ಸ್‌ಇ ಓಡಿಸಬಾರದು ಅನ್ನುವ ನಿಯಮವನ್ನು ಗ್ರೂಪ್ ಪಾಲಿಸಿಯಲ್ಲಿ (ಆಫೀಸ್‌ನ ಎಲ್ಲ ಕಂಪ್ಯೂಟರ್‌ಗೂ ಒಟ್ಟಿಗೆ ನಿಯಮ ಹಾಕುವ ವಿಂಡೋಸ್ ಸೌಲಭ್ಯ) ಹಾಕಬಹುದು, ವಿಂಡೋಸ್‌ನ ಇನ್ನೊಂದು ಸೌಲಭ್ಯ ಆಪ್‌ಲಾಕರ್‌ನಿಂದ ಒಪ್ಪಿಗೆ ಇರುವ ಪ್ರೋಗ್ರಾಂ ಮಾತ್ರ ಓಡುವಂತೆ ಮಾಡಬಹುದು. ಓಡಿದರೂ ಕೇಳಿಕೊಂಡು ಓಡಿಸಿ. ಅಡ್ಮಿನ್ ಅಧಿಕಾರ ಇಲ್ಲದೆ ಓಡುತ್ತದೆ ಅನ್ನುವುದಕ್ಕೂ, ಅನುಮತಿ ಇದೆ ಅನ್ನುವುದಕ್ಕೂ ವ್ಯತ್ಯಾಸ ಇದೆ. ಐಟಿ ವಿಭಾಗದವರಿಗೆ ನಿಮ್ಮ ಡ್ರೈವ್‌ನಲ್ಲಿರುವ ಹಳೆ ಬ್ರೌಸರ್ ಕಾಣುವುದಿಲ್ಲ, ಅದನ್ನು ಅಪ್‌ಡೇಟ್ ಮಾಡಲು ಅವರಿಂದ ಆಗುವುದಿಲ್ಲ. ಅವರ ಸಿಟ್ಟಿಗೂ ಕಾರಣ ಇದೆ.

ದುಡ್ಡು ಕೊಟ್ಟು ಕೊಳ್ಳುವ ದೊಡ್ಡ ಸಾಫ್ಟ್‌ವೇರ್‌ಗಳ 'ಪೋರ್ಟಬಲ್ ಆವೃತ್ತಿ' ಅಂತ ಅಲ್ಲಲ್ಲಿ ಸಿಗುತ್ತವೆ. ಅಂಥವುಗಳ ಲೈಸೆನ್ಸ್ ಸಾಮಾನ್ಯವಾಗಿ ಕಂಪ್ಯೂಟರ್‌ಗೆ ಅಥವಾ ಖಾತೆಗೆ ಕಟ್ಟಿರುತ್ತದೆ, ಕಂಪನಿಯವರು ಹೀಗೆ ಕೊಡುವುದಿಲ್ಲ. ಅಂದರೆ ಯಾರೋ ಬೀಗ ಒಡೆದು ಮತ್ತೆ ಪ್ಯಾಕ್ ಮಾಡಿದ್ದು. ಒಡೆದವರು ಒಳಗೆ ಇನ್ನೇನು ಇಟ್ಟಿದ್ದಾರೆ ಅಂತ ನಿಮಗೆ ಗೊತ್ತಾಗಲ್ಲ. ಬಿಟ್ಟುಬಿಡಿ.

ಲಿನಕ್ಸ್ ಬಳಸುವವರಿಗೆ ಆಪ್‌ಇಮೇಜ್ ಇದೆ. ಪ್ರೋಗ್ರಾಂ, ಅದಕ್ಕೆ ಬೇಕಾದ ಲೈಬ್ರರಿಗಳು ಎಲ್ಲ ಒಂದೇ ಫೈಲ್‌ನಲ್ಲಿ. ಆದರೆ ಸೆಟ್ಟಿಂಗ್ಸ್ ಮಾಮೂಲಿಯಾಗಿ ನಿಮ್ಮ ಹೋಮ್ ಫೋಲ್ಡರ್‌ಗೇ ಹೋಗುತ್ತವೆ, ಮತ್ತೆ ಪುಟ್ಟಿಯ ಕಥೆ. ಆಪ್‌ಇಮೇಜ್‌ನ ಹೆಸರಿಗೇ ಕೊನೆಯಲ್ಲಿ ಚುಕ್ಕೆ ಮತ್ತು 'ಹೋಮ್' ಅಂತ ಇಂಗ್ಲಿಷ್‌ನಲ್ಲಿ ಸೇರಿಸಿದ ಹೆಸರಿನಲ್ಲಿ ಪಕ್ಕದಲ್ಲಿ ಒಂದು ಫೋಲ್ಡರ್ ಮಾಡಿದರೆ ಎಲ್ಲ ಅದರೊಳಗೆ ಹೋಗುತ್ತದೆ. ಇನ್ನೊಂದು ತೊಡಕು, ಫ್ಯಾಟ್‌ನಲ್ಲಿ 'ಈ ಫೈಲ್ ಓಡಿಸಬಹುದು' ಅನ್ನುವ ಗುರುತು ಉಳಿಯುವುದಿಲ್ಲ. ಹಾಗಾಗಿ ಪೆನ್ ಡ್ರೈವ್‌ನಲ್ಲಿ ಆಪ್‌ಇಮೇಜ್ ಕ್ಲಿಕ್ ಮಾಡಿದರೂ ಓಡದೆ ಇರಬಹುದು, ಡಿಸ್ಕ್‌ಗೆ ಕಾಪಿ ಮಾಡಿ ಓಡಿಸಿ.

ನೀವು ಬಳಸುವ ಪ್ರೋಗ್ರಾಂ ನಿಜವಾಗಿ ಪೋರ್ಟಬಲ್ ಹೌದೋ ಅಲ್ಲವೋ ಅಂತ ನೋಡುವುದು ಸುಲಭ. ಫೋಲ್ಡರ್ ಅನ್ನು ಬೇರೆ ಡ್ರೈವ್ ಅಕ್ಷರಕ್ಕೆ ಸರಿಸಿ, ಬೇರೆ ಯೂಸರ್ ಖಾತೆಯಲ್ಲಿ ತೆರೆಯಿರಿ. ನೀವು ಬದಲಿಸಿದ್ದ ಫಾಂಟ್, ತೆರೆದಿದ್ದ ಫೈಲ್‌ಗಳ ಪಟ್ಟಿ ಹಾಗೇ ಇದ್ದರೆ ಅರ್ಧ ಪಾಸ್. ಇನ್ನರ್ಧಕ್ಕೆ ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಸಂಗ್ರಹದಲ್ಲಿರುವ 'ಪ್ರೊಸೆಸ್ ಮಾನಿಟರ್' ಇದೆ, ಪ್ರೋಗ್ರಾಂ ಎಲ್ಲೆಲ್ಲಿ ಬರೆಯುತ್ತಿದೆ ಅಂತ ಒಂದೊಂದು ಸಾಲೂ ತೋರಿಸುತ್ತದೆ. ತಮಾಷೆ ಏನೆಂದರೆ ಪ್ರೊಸೆಸ್ ಮಾನಿಟರ್‌ಗೂ ಇನ್‌ಸ್ಟಾಲ್ ಬೇಡ, ಆದರೆ ನೀವು ಷರತ್ತು ಒಪ್ಪಿದ್ದನ್ನು ಅದೇ ರಿಜಿಸ್ಟ್ರಿಯಲ್ಲಿ ಬರೆದಿಡುತ್ತದೆ.

ಕೊನೆಯ ಪ್ರಶ್ನೆ ಹಿಂದೆ ಕೂತವರೊಬ್ಬರಿಂದ ಬಂತು: ಪೆನ್ ಡ್ರೈವ್ ಬಿಟ್ಟು ಸಣ್ಣ ಎಕ್ಸ್‌ಟರ್ನಲ್ ಎಸ್‌ಎಸ್‌ಡಿ ಇಟ್ಟುಕೊಂಡರೆ? ದಿನಾ ಬಳಸುವವರು ಖಂಡಿತ ಅದನ್ನೇ ತೆಗೆದುಕೊಳ್ಳಿ. ಬ್ರೌಸರ್ ಕೂಡ ಅದರಿಂದ ಆರಾಮಾಗಿ ಓಡುತ್ತದೆ. ಡ್ರೈವ್ ಅಕ್ಷರ ಬದಲಾಗುವುದು, ಆಫೀಸ್ ನಿಯಮ, ಕೀಲಾಗರ್ ಇವು ಯಾವುವೂ ಬದಲಾಗಲ್ಲ. ಬ್ಯಾಕಪ್ ಕೂಡ ಅಷ್ಟೇ ಬೇಕು, ಎಸ್‌ಎಸ್‌ಡಿಯೂ ಹೇಳದೆ ಕೇಳದೆ ಸಾಯುತ್ತದೆ. ಹಳೆ ಯುಎಸ್‌ಬಿ 2.0 ಪೋರ್ಟ್‌ಗೆ ಸಿಕ್ಕಿಸಿದರೆ ದೊಡ್ಡ ಫೈಲ್ ಕಾಪಿ ಸೆಕೆಂಡಿಗೆ ಸುಮಾರು 30-40 ಮೆಗಾಬೈಟ್‌ಗೇ ನಿಲ್ಲುತ್ತದೆ, ಆದರೆ ಆ ಚಿಕ್ಕ ಚಿಕ್ಕ ಬರವಣಿಗೆಯಲ್ಲಿ ಅಲ್ಲೂ ಪೆನ್ ಡ್ರೈವ್‌ಗಿಂತ ಮುಂದೆಯೇ ಇರುತ್ತದೆ.